ಇಲ್ಲದ ರೈಲುಗಳಿಗೆ ಪಾಸು ಅಚ್ಚು ಹಾಕಿದ ವರ್ಷಗಳು

ನಾಗಸಂದ್ರದಲ್ಲಿ ಒಂದು ಡಿಜಿಟಲ್ ಪ್ರಿಂಟ್ ಅಂಗಡಿಯಿದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹಳೇ ಕಾಲದ ಅಚ್ಚಿನ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಅಲ್ಲಿಯವರು ನನ್ನನ್ನು ಕರೆದಿದ್ದರು. ಹೋದೆ. ಕುರ್ಚಿ ಹಾಕಿದರು, ಟೀ ಕೊಟ್ಟರು. ಎರಡು ಮಾತು ಹೇಳುವಷ್ಟರಲ್ಲಿ ಯಾರದೋ ಅರ್ಜೆಂಟ್ ಫ್ಲೆಕ್ಸ್ ಬಂತು, ಎಲ್ಲರೂ ಎದ್ದು ಮಷಿನ್ ಕಡೆ ಹೋದರು. ಟೀ ಮುಗಿಸಿ ಮನೆಗೆ ಬಂದೆ. ಅವತ್ತು ಉಳಿದುಹೋದ ಮಾತುಗಳನ್ನು ಬರೆದಿಡುತ್ತಿದ್ದೇನೆ. ಪುರುಸೊತ್ತಾದಾಗ ಓದಿ, ಆಗದಿದ್ದರೆ ಬಿಡಿ.

ನನ್ನ ಹೆಸರು ಬಸವರಾಜ, ಗದಗ ಕಡೆಯವನು. ಮೊಳೆ ಜೋಡಿಸುವುದನ್ನು ಊರಲ್ಲೇ ಕಲಿತೆ. ಮೊಳೆ ಅಂದರೆ ಸೀಸದ ಅಕ್ಷರ. ಒಂದೊಂದು ಅಕ್ಷರವನ್ನೂ ಕೈಯಲ್ಲಿ ಹೆಕ್ಕಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಸಾಲು ಕಟ್ಟಬೇಕು. ಆಮೇಲೆ ಪೀಣ್ಯ ಎರಡನೇ ಹಂತದ ಒಂದು ಪ್ರೆಸ್ಸಿಗೆ ಹೆಲ್ಪರ್ ಆಗಿ ಸೇರಿದೆ, ಫೋರ್‌ಮನ್ ಆಗಿ ಹೊರಬಂದೆ. ನಡುವೆ ಏನೇನಾದೆ ಅನ್ನೋದರಲ್ಲಿ ನಿಮಗೆ ಉಪಯೋಗವಿಲ್ಲ. ಎಡಗೈ ತೋರುಬೆರಳಿನ ತುದಿ, ಕಾಲಲ್ಲಿ ತುಳಿದು ಅಚ್ಚು ಹಾಕುವ ಟ್ರೆಡಲ್ ಮಷಿನ್ನಿನ ಬಾಯಿಗೆ ಹೋಯಿತು. ಬಲಭುಜ ಈಗಲೂ ಬೆಳಗಾದರೆ ಮೇಲೇಳುವುದಿಲ್ಲ. ಇಷ್ಟು ಗೊತ್ತಿದ್ದರೆ ಸಾಕು.

ನಮ್ಮ ಪ್ರೆಸ್ಸಿನಲ್ಲಿ ಆಗುತ್ತಿದ್ದದ್ದು ಫ್ಯಾಕ್ಟರಿಗಳ ಕೆಲಸ. ಗೇಟ್ ಪಾಸು, ಕ್ಯಾಂಟೀನ್ ಚೀಟಿ, ಹಾಜರಿ ಕಾರ್ಡು, ಡಬ್ಬಕ್ಕೆ ಅಂಟಿಸುವ ಲೇಬಲ್ಲು. ಇವತ್ತು ಅಚ್ಚು ಹಾಕಿದ್ದು ನಾಳೆ ಕಸದ ಬುಟ್ಟಿಗೆ ಹೋಗುತ್ತಿತ್ತು. ಎರಡು ಸಾವಿರದ ಇಸವಿ ದಾಟುವಷ್ಟರಲ್ಲಿ ಸುತ್ತಲಿನ ಪ್ರೆಸ್ಸುಗಳೆಲ್ಲ ಮೊಳೆ ಬೇಡದ ಆಫ್‌ಸೆಟ್ಟಿಗೆ ಹೋಗಿದ್ದವು. ನಮ್ಮಲ್ಲೂ ಆಫ್‌ಸೆಟ್ ಮಷಿನ್ ಬಂತು. ನನ್ನ ಹಳೇ ಟ್ರೆಡಲ್ಲು ನಂಬರ್ ಹೊಡೆಯುವುದಕ್ಕೂ ಚೀಟಿ ಹರಿಯುವ ತೂತಿನ ಗೆರೆ ಹಾಕುವುದಕ್ಕೂ ಮಾತ್ರ ಉಳಿಯಿತು. ಮೊಳೆ ತುಂಬಿಡುವ ಮರದ ಕೇಸುಗಳು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವು.

ಮಾಲೀಕರು ಮುನಿರಾಜಣ್ಣ. ಅವರ ತಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈಗ ನಮ್ಮ ಶೆಡ್ಡು, ಪಕ್ಕದ ಮೂರು ಶೆಡ್ಡು, ಹಿಂದಿನ ಬಾಡಿಗೆ ಮನೆಗಳು. ಅಚ್ಚಿನ ಕೆಲಸ ಅವರಿಗೆ ಗೊತ್ತಿರಲಿಲ್ಲ, ಮನುಷ್ಯರು ಗೊತ್ತಿದ್ದರು. ಬೈದರೆ ಇಡೀ ಶೆಡ್ಡಿಗೆ ಕೇಳಿಸುವಂತೆ ಬೈಯುತ್ತಿದ್ದರು, ಹತ್ತು ನಿಮಿಷಕ್ಕೆ ಮರೆತುಬಿಡುತ್ತಿದ್ದರು. ನನ್ನ ಬೆರಳು ಹೋದ ದಿನ ಆಸ್ಪತ್ರೆಯಲ್ಲಿ ನನಗಿಂತ ಮೊದಲು ಅತ್ತವರು ಅವರು.

ಒಂದು ಮಧ್ಯಾಹ್ನ ಎತ್ತರದ, ತುಂಬ ವಯಸ್ಸಾದ ಒಬ್ಬರು ಟೋಪಿ ಹಾಕಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಹಳೇ ಕಾರ್ಡು. ಯಾವುದೋ ಕಾಲದ ರೈಲ್ವೆ ಪಾಸು, ಅಂಚು ಸವೆದಿತ್ತು.

"ಇಂಥಾದ್ದ ಒಂದ್ ನೂರು ಬೇಕು. ಮೊಳಿ ಜೋಡಿಸೇ ಹೊಡೀಬೇಕು. ಕಂಪ್ಯೂಟರ್ ಬ್ಯಾಡ" ಅಂದರು.

ಅವರ ಬಾಯಲ್ಲಿ ನಮ್ಮ ಕಡೆಯ ಕನ್ನಡ ಕೇಳಿ ನಾನು ಮುಖವನ್ನೇ ನೋಡುತ್ತ ನಿಂತೆ. "ಯಾವ ಊರ್ರಿ ನಿಮ್ಮದು?" ಅಂದೆ.

"ವೈಟ್‌ಫೀಲ್ಡ್. ಹುಬ್ಬಳ್ಳಿ ಶೆಡ್ನ್ಯಾಗ ಭಾಳ ವರ್ಷ ಎಂಜಿನ್ ಹೊಡದೀನಿ. ನೀ ಗದಗ ಕಡೆಯಾಂವ. ಹೌದಲ್ಲ?"

ಅವರೇ ಡೆಸ್ಮಂಡ್ ಸಾಹೇಬರು. ವೈಟ್‌ಫೀಲ್ಡಿನಲ್ಲಿ ಕಂಪನಿಗಳು ಬರುವ ಎಷ್ಟೋ ಮೊದಲೇ ನೆಲೆನಿಂತ ಆಂಗ್ಲೋ ಇಂಡಿಯನ್ ಮನೆತನ. ತಂದೆ, ತಾತ, ಅವರು, ಎಲ್ಲರೂ ರೈಲ್ವೆಯಲ್ಲಿ ದುಡಿದವರು.

ಮುನಿರಾಜಣ್ಣ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. "ಯಾವ್ ರೈಲ್ಗೆ ಸಾ ಇದು?"

"ನನ್ನ ರೈಲಿಗೆ. ಗ್ರೇಸ್ ವ್ಯಾಲಿ ರೈಲ್ವೆ. ಮನ್ಯಾಗ ಐತಿ."

"ಮನೇಲಾ? ನಾಳೆ ಯಾರಾನ ಇದ್ನ ತೋರ್ಸಿ ನಿಜವಾದ್ ರೈಲ್ ಅತ್ತುದ್ರೆ ಪೋಲೀಸ್ನೋರು ನನ್ನ ಇಡ್ಕೊಂಡ್ ಓಯ್ತಾರೆ" ಅಂದರು ಮುನಿರಾಜಣ್ಣ. ಸಾಹೇಬರು ಹೋದ ಮೇಲೆ ನನ್ನ ಕಡೆ ತಿರುಗಿ, "ಬಸ್ರಾಜಾ, ಭಾನುವಾರ ಓಗಿ ನೋಡ್ಕಂಡ್ ಬಾ. ಆವಯ್ಯಂಗೆ ತಲೆ ಸರಿಗೈತಾ ಅಂತ" ಅಂದರು.

ಭಾನುವಾರ ಪೀಣ್ಯದಿಂದ ವೈಟ್‌ಫೀಲ್ಡಿಗೆ ಮೂರು ಬಸ್ಸು ಬದಲಾಯಿಸಿ ಹೋದೆ. ಊರಿನ ಈ ತುದಿಯಿಂದ ಆ ತುದಿ. ಗಾಜಿನ ಕಟ್ಟಡಗಳ ಸಾಲು ದಾಟಿದ ಮೇಲೆ ಒಂದು ಹಳೇ ಹೆಂಚಿನ ಮನೆ. ಅದರ ಹಿಂದಿನ ವೆರಾಂಡಾದಲ್ಲಿ ಸೊಂಟದೆತ್ತರಕ್ಕೆ ಹಲಗೆ ಹಾಕಿ, ಗುಡ್ಡ, ಸುರಂಗ, ಸೇತುವೆ, ಐದು ಸ್ಟೇಷನ್ನು, ಎಲ್ಲ ಮಾಡಿಟ್ಟಿದ್ದರು. ಸಾಹೇಬರು ಒಂದು ಗುಂಡಿ ತಿರುಗಿಸಿದರು. ನನ್ನ ಬೆರಳಿನಷ್ಟು ಉದ್ದದ ಬೋಗಿಗಳು ಒಂದರ ಹಿಂದೊಂದು ಸುರಂಗದಿಂದ ಹೊರಬಂದವು. ಅವರ ಹೆಂಡತಿ ಗ್ರೇಸಮ್ಮ ಕೇಕು ತಂದಿಟ್ಟು, "ನನ್ನ ಹೆಸರು ಇಟ್ಟಿದಾರೆ, ಆದ್ರೆ ಒಂದಿನಾನೂ ನನ್ನ ಕೈಗೆ ಗುಂಡಿ ಕೊಟ್ಟಿಲ್ಲ" ಅಂದರು.

ಪಾಸಿನ ವಿಷಯ ಅಲ್ಲೇ ತಿಳಿದದ್ದು. ಇಂಥ ಸಣ್ಣ ರೈಲ್ವೆ ಮನೆಯಲ್ಲಿ ಕಟ್ಟಿಕೊಂಡವರು ಊರೂರಿನಲ್ಲಿ, ದೇಶದೇಶದಲ್ಲಿ ಇದ್ದಾರಂತೆ. ಪ್ರತಿಯೊಬ್ಬರೂ ತಮ್ಮ ರೈಲ್ವೆಯ ಹೆಸರಲ್ಲಿ ಪಾಸು ಮಾಡಿಸುತ್ತಾರೆ. ಈ ಪಾಸು ಇದ್ದವರು ನಮ್ಮ ಗಾಡಿಯಲ್ಲಿ ಪುಕ್ಕಟೆ ಓಡಾಡಬಹುದು ಅಂತ ಬರೆದು, ನಂಬರ್ ಹಾಕಿ, ಸಹಿ ಮಾಡಿ, ಅಂಚೆಯಲ್ಲಿ ಕಳಿಸುತ್ತಾರೆ. ಅತ್ತಲಿಂದ ಅವರ ಪಾಸು ಬರುತ್ತದೆ. ಒಂದು ಕೊಟ್ಟು ಒಂದು ತೆಗೆದುಕೊಳ್ಳುವುದು, ಅಷ್ಟೇ. ಮಾರುವ ಹಾಗಿಲ್ಲ. ಯಾವ ನಂಬರು ಯಾರಿಗೆ ಹೋಯಿತು ಅಂತ ಸಾಹೇಬರು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಬಂದ ಪಾಸುಗಳ ಆಲ್ಬಂ ತೆಗೆದು ತೋರಿಸಿದರು. ಒಬ್ಬನ ರೈಲ್ವೆ ಮಾಳಿಗೆ ಮೇಲೆ, ಒಬ್ಬಳದು ಅಡುಗೆಮನೆಯ ಕಪಾಟಿನಲ್ಲಿ.

"ತಲೆ ಸರಿಗೈತಿ" ಅಂತ ಸೋಮವಾರ ಮುನಿರಾಜಣ್ಣನಿಗೆ ಹೇಳಿದೆ.

ನನ್ನ ದೊಡ್ಡ ತಪ್ಪು ಆದದ್ದು ಮೊದಲನೇ ಕೆಲಸದಲ್ಲೇ. ಸಾಹೇಬರು ಮಾತುಗಳನ್ನು ಇಂಗ್ಲಿಷಿನ ಕೂಡು ಅಕ್ಷರದಲ್ಲಿ ಬರೆದು ಕೊಟ್ಟಿದ್ದರು. ನನಗೆ ಇಂಗ್ಲಿಷ್ ಅಕ್ಷರ ಬರುತ್ತದೆ, ಅರ್ಥ ಅಷ್ಟಕ್ಕಷ್ಟೇ. ಕೊನೆಯ ಸಾಲಿನಲ್ಲಿ 'ನಾಟ್ ಟ್ರಾನ್ಸ್‌ಫರೆಬಲ್' ಅಂತಿತ್ತು. ಅಂದರೆ ಬೇರೆಯವರಿಗೆ ಕೊಡುವ ಹಾಗಿಲ್ಲ. ಅವರ ಕೈ ನಡುಗಿ ಟಿ ಅಕ್ಷರ ಡಬ್ಲ್ಯೂ ಥರ ಕಂಡಿತು. ನಾನು 'ನೌ ಟ್ರಾನ್ಸ್‌ಫರೆಬಲ್' ಅಂತ ಜೋಡಿಸಿದೆ. ಈಗ ಕೊಡಬಹುದು ಅಂತ ಆಯಿತು. ಆ ಸೈಜಿನ ಡಬ್ಲ್ಯೂ ಮೊಳೆ ನಮ್ಮಲ್ಲಿ ಎರಡೇ ಇದ್ದವು. ಎರಡೂ ವೈಟ್‌ಫೀಲ್ಡ್ ಅನ್ನುವ ಹೆಸರಿಗೇ ಖರ್ಚಾಗಿದ್ದವು, ಆ ಹೆಸರು ಕಾರ್ಡಿನಲ್ಲಿ ಎರಡು ಕಡೆ ಬರುತ್ತಿತ್ತು. ಪಕ್ಕದ ಕೇಸಿನಿಂದ ಸುಮಾರಾಗಿ ಹೊಂದುವ ಬೇರೆ ಒಂದು ಡಬ್ಲ್ಯೂ ತಂದು ಕೂರಿಸಿದೆ. ಪ್ರೂಫ್ ತೋರಿಸಿದಾಗ ಸಾಹೇಬರು ಖುಷಿಯಲ್ಲಿ ಎಂಜಿನ್ನಿನ ಚಿತ್ರ ಮಾತ್ರ ನೋಡಿದರು. ಓಕೆ ಅಂದರು. ನೂರು ಕಾರ್ಡೂ ಹೊಡೆದೆ.

ಇಪ್ಪತ್ತು ಪಾಸು ಅಂಚೆಗೆ ಹೋದ ಮೇಲೆ ಯಾರೋ ಗೆಳೆಯರು ಫೋನ್ ಮಾಡಿ ನಕ್ಕರಂತೆ. ಸಾಹೇಬರು ಮಿಕ್ಕ ಎಂಬತ್ತನ್ನು ತೆಗೆದುಕೊಂಡು ಪೀಣ್ಯಕ್ಕೆ ಬಂದರು. ನಾನು ಬೈಗುಳಕ್ಕೆ ಮೈ ಗಟ್ಟಿಮಾಡಿಕೊಂಡು ನಿಂತೆ.

"ಬಸಪ್ಪಾ, ನನ್ನ ವಯಸ್ಸಿಗೆ ಎಲ್ಲಾನೂ ಕೊಟ್ಟು ಹೋಗೂದ. ನೀ ಬರದದ್ದ ಖರೆ ಐತಿ" ಅಂದು ನಕ್ಕರು. ಆದರೂ ಎಂಬತ್ತನ್ನೂ ಕಟಿಂಗ್ ಮಷಿನ್ನಿಗೆ ಹಾಕಿಸಿ, ಚೂರು ಬೀಳುವವರೆಗೆ ನಿಂತು ನೋಡಿದರು. ಸರಿ ಮಾಡಿ ಮತ್ತೆ ನೂರು ಹೊಡೆದುಕೊಟ್ಟೆ.

ಆಮೇಲೆ ಒಬ್ಬೊಬ್ಬರಾಗಿ ಬರತೊಡಗಿದರು. ಬೊಮ್ಮಸಂದ್ರದ ಔಷಧ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್ ಆಗಿದ್ದ ಸುಜಾತಾ ಅಂತ ಒಬ್ಬರು ಬಂದಿದ್ದು ನೆನಪಿದೆ. ಒಂದೇ ರೂಮಿನ ಬಾಡಿಗೆ ಮನೆ, ಜಾಗ ಇಲ್ಲ, ಹಾಗಾಗಿ ರೈಲ್ವೆಯನ್ನು ಹಳೇ ಸೂಟ್‌ಕೇಸಿನೊಳಗೆ ಕಟ್ಟಿದ್ದರು. ವಾರದ ರಜೆಯ ದಿನ ಮುಚ್ಚಳ ತೆಗೆದರೆ ಗಾಡಿ ಓಡುತ್ತಿತ್ತು.

"ಸಾರ್, ಕನ್ನಡದಲ್ಲೇ ಮಾಡ್ಕೊಡ್ತೀರಾ? ಎಲ್ಲಾರೂ ಇಂಗ್ಲಿಷಲ್ಲೇ ಮಾಡಿಸ್ತಾರೆ" ಅಂದರು.

'ಈ ಪಾಸು ಉಳ್ಳವರು ಭಾನುವಾರದ ಎಲ್ಲ ಗಾಡಿಗಳಲ್ಲೂ ಕಿಟಕಿ ಪಕ್ಕ ಕೂರಬಹುದು' ಅಂತ ಅವರೇ ಬರೆದು ತಂದಿದ್ದರು. ಆ ಒಂದು ಸಾಲನ್ನು ಜೋಡಿಸುವಾಗ ನನಗೆ ಬಹಳ ವರ್ಷದ ನಂತರ ಕೆಲಸ ಬೇಗ ಮುಗಿಯದಿರಲಿ ಅನ್ನಿಸಿತು.

ವರ್ಷಕ್ಕೊಮ್ಮೆ ಇವರೆಲ್ಲ ಪಟ್ಟಂದೂರು ಅಗ್ರಹಾರದ ಒಂದು ಸಣ್ಣ ಹಾಲಿನಲ್ಲಿ ಸೇರುತ್ತಿದ್ದರು. ಸಾಹೇಬರು ನನ್ನನ್ನೂ ಕರೆಸಿಕೊಂಡರು. ಉದ್ದ ಮೇಜುಗಳು, ಆಲ್ಬಂಗಳು, ಮಸಾಲೆ ದೋಸೆಯ ಪೊಟ್ಟಣಗಳು. "ನಿಮ್ಮ ಹತ್ರ ಆ ನೀಲಗಿರಿಯವರದ್ದು ಎರಡಿದ್ರೆ ನನಗೊಂದು ಕೊಡಿ, ನಾನು ಸೊಲ್ಲಾಪುರದ್ದು ಕೊಡ್ತೀನಿ" ಅಂತ ಮಕ್ಕಳು ಗೋಲಿ ಬದಲಾಯಿಸಿಕೊಳ್ಳುವ ಹಾಗೆ ದೊಡ್ಡವರು ಮಾತಾಡುತ್ತಿದ್ದರು. ನಾನು ಅಚ್ಚು ಹಾಕಿದ ಕಾರ್ಡುಗಳನ್ನು ಅಂಚು ಹಿಡಿದು, ಬೆಳಕಿಗೆ ಓರೆ ಮಾಡಿ, ಮೊಳೆ ಒತ್ತಿದ ತಗ್ಗನ್ನು ಬೆರಳಲ್ಲಿ ಸವರಿ ನೋಡುತ್ತಿದ್ದರು. ಇಪ್ಪತ್ತು ವರ್ಷ ಗೇಟ್ ಪಾಸು ಹೊಡೆದಿದ್ದೆ, ಸೆಕ್ಯುರಿಟಿಯವನು ಕೂಡ ಸರಿಯಾಗಿ ನೋಡಿರಲಿಲ್ಲ. ಸಾಹೇಬರು ನನ್ನ ಭುಜ ಹಿಡಿದು, "ನಮ್ಮೆಲ್ಲಾರ ರೈಲ್ವೆಗೂ ಇವನ ಪಾಸ್ ಆಫೀಸ್" ಅಂತ ಪರಿಚಯ ಮಾಡಿಸಿದರು. ಎಲ್ಲಿ ನೋಡಬೇಕೋ ತಿಳಿಯದೆ ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಅಲ್ಲೇ ವಿನಯ್ ಸಿಕ್ಕಿದ್ದು. ಹತ್ತಿರದ ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್. ವಯಸ್ಸು ನಲವತ್ತರ ಒಳಗೆ. ಅವರ ಮನೆಯಲ್ಲಿ ರೈಲ್ವೆಯೇ ಇರಲಿಲ್ಲ, ಪಾಸುಗಳು ಮಾತ್ರ ಇದ್ದವು. ಬೇರೆಯವರ ಆಲ್ಬಂನಲ್ಲಿ ಇಲ್ಲದ್ದು ತನ್ನದರಲ್ಲಿ ಇರಬೇಕು ಅನ್ನುವ ಚಟ. ನಗುಮುಖ, ಒಳ್ಳೆ ಮಾತು, ಯಾರ ಹೆಸರನ್ನೂ ಮರೆಯುತ್ತಿರಲಿಲ್ಲ. 'ನೌ' ಅಂತ ತಪ್ಪಾಗಿ ಅಚ್ಚಾದ ಆ ಇಪ್ಪತ್ತು ಪಾಸುಗಳಿಗೆ ಎಲ್ಲಿಲ್ಲದ ಬೇಡಿಕೆ ಬಂದಿದೆ ಅಂತ ನನಗೆ ಮೊದಲು ಹೇಳಿದವರು ಅವರೇ.

"ನಿಮ್ಮ ಮಿಸ್ಟೇಕ್‌ಗೆ ಜನ ಮುಗಿಬೀಳ್ತಿದಾರೆ ಬಸಣ್ಣ. ಅದೊಂದಕ್ಕೆ ಬೇರೆ ನಾಲ್ಕು ಪಾಸ್ ಕೊಡ್ತಾರೆ ಗೊತ್ತಾ?"

ನಾನು ನಕ್ಕುಬಿಟ್ಟೆ.

ಅದಾಗಿ ಕೆಲವು ವರ್ಷ ಕಳೆಯಿತು. ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಎದ್ದವು. ಧೂಳಿಗೆ ಹೆದರಿ ಶೆಡ್ಡಿನ ಮುಂದಿನ ಬಾಗಿಲನ್ನೇ ಮುಚ್ಚಿದೆವು. ಫ್ಯಾಕ್ಟರಿಗಳು ಗೇಟ್ ಪಾಸು ಬಿಟ್ಟು ಬೆರಳಚ್ಚಿನ ಯಂತ್ರ ಹಾಕಿಸಿಕೊಂಡವು. ಪಕ್ಕದ ಪ್ರೆಸ್ಸು ಮುಚ್ಚಿದಾಗ ಅವರ ಮೊಳೆಯ ಕೇಸುಗಳು ಗುಜರಿಗೆ ಹೋಗುವುದಿತ್ತು. ನಾನು ಬೇಡಿಕೊಂಡಿದ್ದಕ್ಕೆ ಮುನಿರಾಜಣ್ಣ ಎರಡು ಕೇಸು ಉಳಿಸಿ ನಮ್ಮಲ್ಲಿ ಇಟ್ಟುಕೊಂಡರು. ಆದರೆ ಟ್ರೆಡಲ್ ನಿಂತ ಜಾಗದಲ್ಲಿ ಹೊಸ ಡಿಜಿಟಲ್ ಮಷಿನ್ ಕೂರಿಸಬೇಕು ಅಂತ ಅವರ ಮನೆಯಲ್ಲಿ ಒತ್ತಾಯ ಶುರುವಾಗಿತ್ತು. ನನ್ನ ಜೊತೆ ಟ್ರೆಡಲ್ ಕಲಿತವರೆಲ್ಲ ಸೆಕ್ಯುರಿಟಿ ಕೆಲಸಕ್ಕೆ ಹೋಗಿಯಾಗಿತ್ತು. ಆ ಮಷಿನ್ ಹೋದರೆ ನನಗೆ ಬರುವ ಕೆಲಸ ಇನ್ನೊಂದಿರಲಿಲ್ಲ.

ಇಂಥ ಹೊತ್ತಲ್ಲಿ ವಿನಯ್ ಪ್ರೆಸ್ಸಿಗೆ ಬಂದರು. ಅವರ ಕಂಪನಿಯ ಕ್ಯಾಂಟೀನ್ ಕೂಪನ್ ಕೆಲಸ ನಮಗೆ ಕೊಡಿಸುವುದಾಗಿ ಹೇಳಿದರು. ನಂಬರ್ ಬೇಕು, ಹರಿಯುವ ಗೆರೆ ಬೇಕು, ಎಲ್ಲ ಟ್ರೆಡಲ್ಲಿನ ಕೆಲಸ. ಮುನಿರಾಜಣ್ಣ ಖುಷಿಯಾಗಿ ಎಳನೀರು ತರಿಸಿದರು. ಆಮೇಲೆ ವಿನಯ್ ನನ್ನ ಪಕ್ಕ ಬಂದು ನಿಂತು, ಜೇಬಿನಿಂದ ಒಂದು 'ನೌ' ಪಾಸು ತೆಗೆದರು.

"ಬಸಣ್ಣ, ಒಂದ್ ಸಣ್ಣ ಹೆಲ್ಪು. ಸಾಹೇಬ್ರ ಹುಟ್ಟುಹಬ್ಬಕ್ಕೆ ಒಂದು ಆಲ್ಬಂ ಮಾಡ್ತಿದೀವಿ, ಸರ್‌ಪ್ರೈಸು. ಇದೇ ಥರ ಒಂದಾರು ಹೊಡ್ಕೊಡಿ. ನಂಬರ್ ನಾನ್ ಹೇಳ್ತೀನಿ."

"ಅವರ ಕಡೆ ಇಲ್ಲೇನ್ರಿ?"

"ಎಲ್ಲಾ ಕೊಟ್ಬಿಟ್ಟಿದಾರಲ್ಲ. ಅವರಿಗೆ ಹೇಳ್ಬೇಡಿ, ಮಜಾ ಹೋಗ್ಬಿಡತ್ತೆ."

ಹುಟ್ಟುಹಬ್ಬಕ್ಕೆ ಒಂದು ಸಾಕಲ್ಲ, ಆರು ಯಾಕೆ, ನಂಬರ್ ಯಾಕೆ ಅಂತ ನನಗೆ ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಅನ್ನಿಸಿತು. ಕೇಳಲಿಲ್ಲ. ದೂರದಲ್ಲಿ ಮುನಿರಾಜಣ್ಣ ಎಳನೀರು ಹಿಡಿದು ನಮ್ಮ ಕಡೆಯೇ ನೋಡುತ್ತಿದ್ದರು.

ಮಾರನೇ ದಿನ ಊಟದ ಹೊತ್ತಲ್ಲಿ, ಶೆಡ್ಡಿನಲ್ಲಿ ಯಾರೂ ಇಲ್ಲದಾಗ ಜೋಡಿಸಿದೆ. ಹಿಂದೆ ತಪ್ಪಿ ಮಾಡಿದ ಕೆಲಸವನ್ನು ಬೇಕಂತಲೇ ಮಾಡುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಕೈ ಎರಡು ಸಲ ತಾನಾಗಿ ಕೇಸಿನಲ್ಲಿ ಟಿ ಮೊಳೆಯ ಗೂಡಿಗೇ ಹೋಯಿತು. ಮೂರನೇ ಸಲ ಡಬ್ಲ್ಯೂ ತೆಗೆದು ಕೂರಿಸಿದೆ. ಆರು ಕಾರ್ಡು ಹೊಡೆದೆ, ಹೇಳಿದ ನಂಬರ್ ಹಾಕಿದೆ, ಮೊಳೆ ಬಿಚ್ಚಿ ಕೇಸಿಗೆ ಹಾಕಿದೆ. ಅವತ್ತು ಡಬ್ಬಿಯ ಊಟ ಹಾಗೇ ಮನೆಗೆ ವಾಪಸ್ ಹೋಯಿತು. ಹೆಂಡತಿ ಶಾಂತಾ ಏನಾಯಿತು ಅಂತ ಕೇಳಿದಳು. ಹೇಳಿದೆ.

"ನಿಮ್ಮ ತಪ್ಪನ್ನ ನೀವ ನಕಲ ಮಾಡಿದ್ರಿ ಅಂದಂಗಾತು" ಅಂದಳು.

ಕೂಪನ್ ಕೆಲಸ ಬಂತು. ಟ್ರೆಡಲ್ ಉಳಿಯಿತು. ಹುಟ್ಟುಹಬ್ಬದ ಆಲ್ಬಂ ವಿಷಯ ಮತ್ತೆ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಸುಮಾರು ಒಂದು ವರ್ಷವಾದ ಮೇಲೆ ಡೆಸ್ಮಂಡ್ ಸಾಹೇಬರು ಆಟೊದಿಂದ ಇಳಿದು ಶೆಡ್ಡಿಗೆ ಬಂದರು. ನಡಿಗೆ ತೀರ ನಿಧಾನವಾಗಿತ್ತು. ಕುರ್ಚಿ ಕೊಟ್ಟೆ, ಕೂರಲಿಲ್ಲ. ನನ್ನ ಮೇಜಿನ ಮೇಲೆ ಒಂದು ಪಾಸು ಇಟ್ಟರು. 'ನೌ' ಪಾಸು. ನಂಬರ್ ಒಂಬತ್ತು.

"ಬಂಗಾರಪೇಟೆಯ ರಂಗಸ್ವಾಮಿ ಮೇಷ್ಟ್ರು ತೋರಿಸಿದ್ರು. ಅವರಿಗೆ ವಿನಯ್ ಕೊಟ್ಟಾನಂತ" ಅಂದರು. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಮುಂದುವರಿಸಿದರು. "ಬಸಪ್ಪಾ, ಒಂಬತ್ತನೇ ನಂಬರ್ ನಾ ಪ್ಯಾಟ್ರಿಕ್‌ಗ ಕೊಟ್ಟಿದ್ದೆ. ನನ್ನ ಫೈರ್‌ಮನ್ ಆಗಿದ್ದಾಂವ, ಎಂಜಿನ್ನಿಗೆ ಕಲ್ಲಿದ್ದಲು ಹಾಕಾಂವ. ಅಂವ ಸತ್ತಾಗ ಪೆಟ್ಟಿಗಿ ಮುಚ್ಚೂ ಮೊದಲ ಅದನ್ನ ನಾನ ಅವನ ಕೋಟಿನ ಜೇಬಿನ್ಯಾಗ ಇಟ್ಟೆ. ಈಗ ಇದು ಎಲ್ಲಿಂದ ಬಂತು?"

ನನಗೆ ಅರ್ಥವಾಯಿತು. ವಿನಯ್ ಆರಿಸಿಕೊಟ್ಟದ್ದೆಲ್ಲ ಸತ್ತವರ ನಂಬರು, ಎಲ್ಲೋ ವಿದೇಶಕ್ಕೆ ಹೋಗಿ ಸುದ್ದಿಯಿಲ್ಲದವರ ನಂಬರು. ಯಾರೂ ಬಂದು ಇದು ನನ್ನದು ಅನ್ನುವುದಿಲ್ಲ ಅಂತ. ಸಾಹೇಬರ ಸಹಿಯನ್ನೂ ಅವರೇ ನೋಡಿ ಬರೆದುಕೊಂಡಿದ್ದರು.

ಸಾಹೇಬರ ಬೆನ್ನ ಹಿಂದೆ ಮುನಿರಾಜಣ್ಣ ನಿಂತಿದ್ದರು. ನಾನು ಹೇಳಿರದಿದ್ದರೂ ವಿಷಯ ಊಹಿಸಿ, ಬೇಡ, ಸುಮ್ಮನಿರು ಅಂತ ತಲೆ ಅಲ್ಲಾಡಿಸುತ್ತಿದ್ದರು. ಸುಮ್ಮನಿರಬಹುದಿತ್ತು. ಕಂಪ್ಯೂಟರಲ್ಲಿ ಯಾರೋ ಮಾಡಿರಬೇಕ್ರಿ ಅಂದಿದ್ದರೆ ಸಾಹೇಬರು ನಂಬುತ್ತಿದ್ದರು. ಅವರು ನಂಬುವುದಕ್ಕೆ ತಯಾರಾಗಿಯೇ ಬಂದಿದ್ದಾರೆ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ನಾನ ಹೊಡದದ್ರಿ" ಅಂದೆ. "ಆರು ಹೊಡದೀನ್ರಿ. ನಿಮ್ಮ ಹುಟ್ಟಹಬ್ಬಕ್ಕ ಅಂದ್ರು. ಕೇಳಬೇಕಿತ್ತು, ಕೇಳಲಿಲ್ರಿ."

ಸಾಹೇಬರು ಆಗ ಕುರ್ಚಿಯಲ್ಲಿ ಕೂತರು. ನನಗೆ ಬೈಗುಳ ಬೇಕಾಗಿತ್ತು, ಬರಲಿಲ್ಲ.

"ಮುಂದಿನ ತಿಂಗಳ ಎಲ್ಲಾರೂ ಸೇರತೀವಿ. ನೀ ಬಾ" ಅಂದರು. "ಯಾವುದು ಖರೆ, ಯಾವುದು ಸುಳ್ಳು, ನೀನ ಹೇಳಬೇಕು. ಬ್ಯಾರೆ ಯಾರಿಗೂ ಗೊತ್ತಾಗೂದಿಲ್ಲ."

ಅವರು ಹೋದ ಮೇಲೆ ಮುನಿರಾಜಣ್ಣ ಕೂಗಾಡಿದರು. "ಬಾಯ್ ಮುಚ್ಕಂಡಿದ್ರೆ ಏನಾಯ್ತಿತ್ತು ನಿಂಗೆ? ಕೂಪನ್ ಕೆಲ್ಸ ಓಯ್ತು, ತಿಳ್ಕೋ!" ಅವತ್ತು ಅವರು ಹತ್ತು ನಿಮಿಷಕ್ಕೆ ಮರೆಯಲಿಲ್ಲ.

ಪಟ್ಟಂದೂರಿನ ಅದೇ ಹಾಲು, ಅದೇ ಉದ್ದ ಮೇಜು. ಸುಮಾರು ಮೂವತ್ತು ಜನ. ಆ ವರ್ಷ ದೋಸೆ ಪೊಟ್ಟಣ ಯಾರೂ ಬಿಚ್ಚಿರಲಿಲ್ಲ. 'ನೌ' ಪಾಸು ಇದ್ದವರೆಲ್ಲ ತಂದು ಸಾಲಾಗಿ ಇಟ್ಟಿದ್ದರು, ಹದಿನಾಲ್ಕು ಕಾರ್ಡು. ವಿನಯ್ ಕೂಡ ಬಂದಿದ್ದರು, ಬಾಗಿಲ ಹತ್ತಿರ ಫೋನ್ ನೋಡುತ್ತ ನಿಂತಿದ್ದರು. ನಾನು ಎದ್ದು ನಿಂತು ಏನು ಮಾಡಿದೆ, ಯಾರಿಗೆ ಮಾಡಿಕೊಟ್ಟೆ ಅಂತ ಹೇಳಿದೆ. ಮೂರು ವಾಕ್ಯ ಇರಬೇಕು. ನನ್ನ ಸ್ವಂತ ದನಿ ಬೇರೆ ಯಾರದೋ ಅನ್ನಿಸಿತು. ಹೇಳಿ ಮುಗಿಸಿ ಬಾಗಿಲ ಕಡೆ ನೋಡಿದರೆ ವಿನಯ್ ಇರಲಿಲ್ಲ.

ಸಾಹೇಬರು ಭೂತಗನ್ನಡಿ ಕೊಟ್ಟರು. ನಾನು ಬಗ್ಗಿ ಕಾರ್ಡುಗಳನ್ನು ನೋಡಿದೆ. ಕಾಗದ ಒಂದೇ, ಶಾಯಿ ಒಂದೇ, ಎಂಜಿನ್ ಚಿತ್ರದ ಅಚ್ಚೂ ಒಂದೇ. ಹೊಡೆದ ನಂಬರುಗಳು ನನಗೆ ನೆನಪಿರಲಿಲ್ಲ, ಕೈಯಿಂದ ಕೈಗೆ ಹೋದ ಕಾರ್ಡುಗಳಿಗೆ ಸಾಹೇಬರ ಪುಸ್ತಕವೂ ಉಪಯೋಗವಿರಲಿಲ್ಲ. ಮೊದಲ ಎರಡು ಕಾರ್ಡಿನಲ್ಲಿ ನನಗೂ ಏನೂ ತಿಳಿಯಲಿಲ್ಲ. ಮೂರನೆಯದನ್ನು ಮೊದಲನೆಯದರ ಪಕ್ಕ ಇಟ್ಟಾಗ ಕಂಡಿತು. ಅಸಲಿ ಪಾಸಿನಲ್ಲಿ ಡಬ್ಲ್ಯೂ ಮಿಕ್ಕ ಅಕ್ಷರಗಳಿಗಿಂತ ಒಂದು ಕೂದಲಷ್ಟು ದಪ್ಪ. ಅವತ್ತು ಮೊಳೆ ಸಾಲದೆ ಪಕ್ಕದ ಕೇಸಿನಿಂದ ತಂದದ್ದೇ ಅದು. ನಕಲಿ ಹೊಡೆಯುವಾಗ ಮುಚ್ಚಿದ ಪ್ರೆಸ್ಸಿನ ಕೇಸುಗಳು ನಮ್ಮಲ್ಲಿದ್ದವು. ಮಿಕ್ಕ ಅಕ್ಷರಗಳ ಜಾತಿಯದೇ ಡಬ್ಲ್ಯೂ ಬೇಕಾದಷ್ಟು ಸಿಕ್ಕಿತ್ತು. ಯೋಚನೆಯಿಲ್ಲದೆ ಸರಿಯಾದದ್ದನ್ನೇ ಹೆಕ್ಕಿ ಕೂರಿಸಿದ್ದೆ. ಮೋಸದ ಕಾರ್ಡೇ ನೋಡಲು ಚೊಕ್ಕವಾಗಿತ್ತು.

ಅಲ್ಲಿಂದ ಮುಂದೆ ಬೇಗ ಆಯಿತು. ಖರೆ, ಖರೆ, ಸುಳ್ಳು, ಖರೆ. ಪ್ರತಿ ಸಲ 'ಸುಳ್ಳು' ಅಂದಾಗ ಮೇಜಿನ ಆಚೆ ಒಬ್ಬರ ಮುಖ ಇಳಿಯುತ್ತಿತ್ತು. ಆರರಲ್ಲಿ ಐದು ಸಿಕ್ಕವು. ಒಂದು ಆಗಲೇ ದೇಶ ಬಿಟ್ಟು ಹೋಗಿತ್ತು.

ಒಂಬತ್ತನೇ ನಂಬರಿನವರು ರಂಗಸ್ವಾಮಿ ಮೇಷ್ಟ್ರು. ಬಂಗಾರಪೇಟೆಯಲ್ಲಿ ಶಾಲಾ ಮೇಷ್ಟ್ರಾಗಿ ನಿವೃತ್ತರಾದವರು, ತೆಳ್ಳಗೆ, ಶರ್ಟಿನ ಗುಂಡಿ ಕುತ್ತಿಗೆವರೆಗೆ ಹಾಕಿದ್ದರು. ನಾನು ಅವರ ಹತ್ತಿರ ಹೋಗಿ, "ತಪ್ಪಾತ್ರಿ" ಅಂದೆ.

"ನಾನು ಇದಕ್ಕೆ ಬದಲು ಏನು ಕೊಟ್ಟೆ ಗೊತ್ತೇನ್ರೀ?" ಅಂದರು. ದನಿ ಏರಿಸಲಿಲ್ಲ. "ನಮ್ಮಣ್ಣ ಒಂದು ರೈಲ್ವೆ ಕಟ್ಟಿದ್ದ. ಪಾಸನ್ನ ಕೈಯಲ್ಲೇ ಬರೀತಿದ್ದ, ಒಂದೊಂದಾಗಿ. ಅವನು ಹೋದ ಮೇಲೆ ನನ್ನ ಹತ್ರ ಉಳಿದಿದ್ದು ಒಂದೇ. ಆ ವಿನಯ್ ಆರು ತಿಂಗಳು ಕೇಳಿದ್ರು. ಕೊನೆಗೆ ಕೊಟ್ಬಿಟ್ಟೆ. ಈಗ ಅದು ಯಾವ ದೇಶದಲ್ಲಿದೆಯೋ."

ಅಲ್ಲಿಯವರೆಗೆ ನಾನು ಸಾಹೇಬರಿಗೆ ಮಾಡಿದ ದ್ರೋಹ ಅಂತಲೇ ಲೆಕ್ಕ ಹಾಕಿದ್ದೆ. ಈ ಮನುಷ್ಯರ ಅಣ್ಣ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಮೇಷ್ಟ್ರು ಪಾಸನ್ನು ಮಗುಚಿ, ಜೇಬಿನಿಂದ ಪೆನ್ನು ತೆಗೆದು ನನ್ನ ಮುಂದೆ ಇಟ್ಟರು. "ಹಿಂದೆ ಬರೀರಿ. ಇದು ನಕಲಿ ಅಂತ. ಕೆಳಗೆ ನಿಮ್ಮ ಹೆಸರು ಹಾಕಿ. ನಾಳೆ ನಾನು ಸತ್ತು ಇದು ಇನ್ಯಾರ ಕೈಗಾದ್ರೂ ಹೋದ್ರೆ, ಅವರು ಮತ್ತೆ ಮೋಸ ಹೋಗಬಾರದು."

ಪ್ರೆಸ್ಸಿನ ಕೆಲಸದಲ್ಲಿ ಪ್ರೆಸ್ಸಿನ ಹೆಸರು ಬರುತ್ತದೆ, ಮೊಳೆ ಜೋಡಿಸಿದವನ ಹೆಸರು ಬರುವುದಿಲ್ಲ. ಲಕ್ಷಗಟ್ಟಲೆ ಕಾಗದ ನನ್ನ ಕೈ ದಾಟಿ ಹೋಗಿತ್ತು. ಅಚ್ಚು ಹಾಕಿದ ಒಂದು ವಸ್ತುವಿನ ಮೇಲೆ ನನ್ನ ಹೆಸರು ನಾನು ಬರೆದದ್ದು ಅದೇ ಮೊದಲು. 'ಇದು ನಕಲಿ. ಅಚ್ಚು ಹಾಕಿದವನು ಬಸವರಾಜ, ಪೀಣ್ಯ.' ಮಿಕ್ಕ ನಾಲ್ವರೂ ತಂದು ಬರೆಸಿಕೊಂಡರು.

ಸಾಹೇಬರು ಬಸ್ ಸ್ಟಾಪಿನವರೆಗೆ ಬಂದರು, ಬೇಡವೆಂದರೂ ಕೇಳಲಿಲ್ಲ. ಬಸ್ಸಿಗೆ ಕಾಯುವಾಗ ಅಂದರು, "ಮುಂದಿನ ವರ್ಷದ ಪಾಸ್ ಬ್ಯಾರೆ ಕಡೆ ಮಾಡಸ್ತೀನಿ ಬಸಪ್ಪಾ. ಮನಸ್ಸಿಗೆ ಹಚ್ಕೋಬ್ಯಾಡ."

"ಇಲ್ರಿ" ಅಂದೆ.

ಅವರು ಮಾತಿನಂತೆ ನಡೆದರು. ಆಮೇಲಿನ ಪಾಸುಗಳು ಕಂಪ್ಯೂಟರಿನಲ್ಲಿ ಆದವು, ನುಣ್ಣಗೆ, ಸವರಿದರೆ ಬೆರಳಿಗೆ ಏನೂ ಸಿಗದಂಥವು. ಸುಜಾತಾ ಒಬ್ಬರೇ ಮತ್ತೆ ಬಂದು ಇನ್ನೊಂದಿಷ್ಟು ಹೊಡೆಸಿಕೊಂಡರು. ಕೂಪನ್ ಕೆಲಸ ಹೋಯಿತು. ಮೆಟ್ರೊ ನಾಗಸಂದ್ರದವರೆಗೆ ಓಡಲು ಶುರುವಾದ ಹೊತ್ತಿಗೆ ಟ್ರೆಡಲ್ಲನ್ನು ಬಿಚ್ಚಿ ಗುಜರಿಗೆ ಹಾಕಿದರು. ಮೊಳೆಗಳನ್ನು ತೂಕಕ್ಕೆ ಒಯ್ದರು. ಮುನಿರಾಜಣ್ಣ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಡಿಜಿಟಲ್ ಮಷಿನ್ನಿನಿಂದ ಬಂದ ಹಾಳೆ ಎಣಿಸಿ ಕಟ್ಟು ಕಟ್ಟುವ ಕೆಲಸ ಕೊಟ್ಟರು, ಹೆಸರಿಗೆ ಫೋರ್‌ಮನ್ ಅಂದರು. ಭುಜ ಪೂರ್ತಿ ಕೈಕೊಟ್ಟ ಮೇಲೆ ನಾನೇ ಬಿಟ್ಟೆ.

ಸಾಹೇಬರು ತೀರಿಕೊಂಡು ಕೆಲವು ವರ್ಷವಾಯಿತು. ಆದರೆ ವರ್ಷದ ಸಭೆಗೆ ನನಗೆ ಈಗಲೂ ಫೋನ್ ಬರುತ್ತದೆ. ಮೊದಮೊದಲು ಯಾಕೆ ಅಂತ ತಿಳಿಯಲಿಲ್ಲ. ಹೋಗಿ ಮೂಲೆಯಲ್ಲಿ ಕೂತರೆ ಯಾರಾದರೂ ಒಬ್ಬರು ಹಳೇ ಪಾಸು ತಂದು ಮುಂದೆ ಹಿಡಿಯುತ್ತಾರೆ. "ಬಸವರಾಜ್ ಅವರೇ, ಇದು ನಿಜವಾದ್ದೇನಾ ನೋಡಿ." ನೋಡಿ ಹೇಳುತ್ತೇನೆ. ನಾನು ಹೇಳಿದ್ದನ್ನು ಯಾರೂ ಎರಡನೇ ಸಲ ಕೇಳಿಲ್ಲ. ಅಚ್ಚಿನ ಕೆಲಸ ಮಾತ್ರ ಸುಜಾತಾ ಬಿಟ್ಟು ಬೇರೆ ಯಾರೂ ಮತ್ತೆ ಕೊಟ್ಟಿರಲಿಲ್ಲ. ನಾನೂ ಕೇಳಲಿಲ್ಲ.

ಹೋದ ಸಲ ಸುಜಾತಾ ಒಂದು ಕಾರ್ಡು ತಂದರು. ಹೊರದೇಶದಿಂದ ಬಂದಿತ್ತಂತೆ, ಬದಲಿಗೆ ಅವರ ಭಾನುವಾರದ ಪಾಸು ಹೋಗಿತ್ತಂತೆ. 'ನೌ' ಪಾಸು, ಹಿಂದೆ ಬರಹವಿಲ್ಲ. ಅವತ್ತು ಸಿಗದೆ ಉಳಿದ ಆರನೆಯದೂ ಇರಬಹುದು, ಅಸಲಿಯೂ ಇರಬಹುದು. ಕಿಟಕಿ ಹತ್ತಿರ ಒಯ್ದು ಭೂತಗನ್ನಡಿ ಹಿಡಿದೆ. ಡಬ್ಲ್ಯೂ ಅಕ್ಷರ ಮಂಜಿನಲ್ಲಿ ಇದ್ದ ಹಾಗಿತ್ತು. ನನ್ನ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಬಹಳ ಹೊತ್ತು ನೋಡಿದೆ. ಅಸಲಿ ಅಂದಿದ್ದರೆ ಅವರು ಸಂತೋಷಪಡುತ್ತಿದ್ದರು, ಯಾರೂ ಮತ್ತೆ ಪರೀಕ್ಷೆ ಮಾಡುತ್ತಿರಲಿಲ್ಲ.

"ಗೊತ್ತಾಗವಲ್ದವ್ವಾ" ಅಂದೆ. ಕಾರ್ಡು ಅವರ ಕೈಗೆ ವಾಪಸ್ ಕೊಟ್ಟೆ.

ಅವರು ಅದನ್ನು ಆಲ್ಬಂಗೆ ಸೇರಿಸದೆ, ಬೇರೆಯಾಗಿ ಒಂದು ಕವರಿನಲ್ಲಿ ಹಾಕಿಟ್ಟುಕೊಂಡರು.